ತಲೆಸುತ್ತು ಮರುಕಳಿಸಿದರೆ ವಿಟಮಿನ್ ಡಿ ಕಡೆಗೂ ನೋಡಿ

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೊಡನೆ ಕೋಣೆಯೆಲ್ಲ ಗಿರ್ರನೆ ತಿರುಗುತ್ತದೆ. ಅಟ್ಟದ ಡಬ್ಬಿಗೆಂದು ಕತ್ತೆತ್ತಿದರೂ ಅಷ್ಟೇ. ಸುತ್ತು ಒಂದು ನಿಮಿಷದೊಳಗೆ ನಿಂತರೂ ಭಯ ನಿಲ್ಲುವುದಿಲ್ಲ. ಮನೆಯವರು ಪಿತ್ತ ಎನ್ನುತ್ತಾರೆ, ನೆರೆಯವರು ಬಿಪಿ ಎನ್ನುತ್ತಾರೆ. ಬಹಳಷ್ಟು ಸಲ ಇದು ಒಳಕಿವಿಯಲ್ಲಿ ಜಾಗ ತಪ್ಪಿದ ಹರಳುಗಳ ಕೆಲಸ. ವೈದ್ಯರು ಚೀಟಿಯಲ್ಲಿ ಬಿಪಿಪಿವಿ ಎಂದು ಬರೆಯುತ್ತಾರೆ.

ಕ್ಯಾಲ್ಸಿಯಂ ಕಾರ್ಬೊನೇಟಿನ ಈ ಸೂಕ್ಷ್ಮ ಹರಳುಗಳು ಇರಬೇಕಾದದ್ದು ಯುಟ್ರಿಕಲ್ ಎಂಬ ಪುಟ್ಟ ಚೀಲದಲ್ಲಿ. ಅಲ್ಲಿಂದ ಕಳಚಿ ಅರ್ಧವೃತ್ತಾಕಾರದ ನಾಳಕ್ಕೆ ಜಾರಿದರೆ, ತಲೆ ಅಲುಗಿದಾಗಲೆಲ್ಲ ಅಲ್ಲಿನ ದ್ರವವನ್ನು ಎಳೆದಾಡುತ್ತವೆ. ಮೈ ಸುತ್ತುತ್ತಿದೆ ಎಂದು ಮಿದುಳು ನಂಬಿಬಿಡುತ್ತದೆ. ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ರೋಗಿಯನ್ನು ಮಲಗಿಸಿ, ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ಚೀಲಕ್ಕೆ ಮರಳಿಸುತ್ತಾರೆ. ಮಾತ್ರೆ ಬೇಡದ, ಕೆಲವೇ ನಿಮಿಷಗಳ ಈ ಚಿಕಿತ್ಸೆ ದೊಡ್ಡ ಉಪಕಾರವೆಂದೇ ನಾನು ತಿಳಿದಿದ್ದೇನೆ.

ಆದರೂ ಕೆಲವರನ್ನು ಈ ಸುತ್ತು ಬಿಡುವುದಿಲ್ಲ. ಹರಳು ಮರಳಿತು, ಸರಿ, ಕಳಚಿದ್ದೇಕೆ? ಹರಳು ಗಟ್ಟಿಯಾಗಿರಲು ಒಳಕಿವಿಯಲ್ಲಿ ಕ್ಯಾಲ್ಸಿಯಂ ಹದವಾಗಿರಬೇಕು, ಆ ಹದ ಕಾಯುವುದರಲ್ಲಿ ವಿಟಮಿನ್ ಡಿಗೂ ಪಾತ್ರವಿದೆ. ದಕ್ಷಿಣ ಕೊರಿಯಾದ ವೈದ್ಯರು ಈ ಎಳೆಯನ್ನೇ ಹಿಡಿದು ಎಂಟು ಆಸ್ಪತ್ರೆಗಳಲ್ಲಿ ನಡೆಸಿದ ಪ್ರಯೋಗ 2020ರಲ್ಲಿ 'ನ್ಯೂರಾಲಜಿ' ಪತ್ರಿಕೆಯಲ್ಲಿ ಬಂತು. ಒಂದು ಗುಂಪಿನವರ ರಕ್ತ ಪರೀಕ್ಷಿಸಿ, ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆ ಡಿ ಇದ್ದವರಿಗೆ ದಿನಕ್ಕೆರಡು ಸಲ 400 ಯೂನಿಟ್ ಡಿ, ಜೊತೆಗೆ ಕ್ಯಾಲ್ಸಿಯಂ, ಒಂದು ವರ್ಷ ಕೊಟ್ಟರು. ಇನ್ನೊಂದು ಗುಂಪಿಗೆ ಏನೂ ಕೊಡಲಿಲ್ಲ. ಮೊದಲ ಗುಂಪಿನಲ್ಲಿ ಶೇ 37.8 ಮಂದಿಗೆ ಸುತ್ತು ಮರುಕಳಿಸಿತು, ಎರಡನೆಯದರಲ್ಲಿ ಶೇ 46.7 ಮಂದಿಗೆ. ಕೊರತೆ ತೀವ್ರವಾಗಿದ್ದವರಿಗೆ ಲಾಭವೂ ಹೆಚ್ಚು.

ಇದು ಪವಾಡವಲ್ಲ. ಹುಸಿಮಾತ್ರೆ ಕೊಟ್ಟು ಹೋಲಿಸಿದ ಪ್ರಯೋಗವೂ ಅಲ್ಲ. ಆದರೆ ಪದೇ ಪದೇ ಬೀಳುವ ಭಯದಲ್ಲಿ ಗೋಡೆ ಹಿಡಿದು ನಡೆಯುವ ಹಿರಿಯರ ಪಾಲಿಗೆ ಈ ವ್ಯತ್ಯಾಸ ಸಣ್ಣದೇನಲ್ಲ. ಬಿಸಿಲಿನ ನಾಡಿನವರಾದ ನಮ್ಮಲ್ಲೂ ಡಿ ಕೊರತೆ ಧಾರಾಳವಾಗಿರುವಾಗ, ಸುತ್ತು ಮರುಕಳಿಸಿದವರ ರಕ್ತವನ್ನು ಒಮ್ಮೆ ಪರೀಕ್ಷಿಸಲೇಬೇಕು.

ಹಾಗೆಂದು ಎಪ್ಲಿ ವಿಧಾನ ಬಿಟ್ಟು ಮಾತ್ರೆ ನುಂಗುವುದು ತಪ್ಪು. ಈಗಾಗಲೇ ನಾಳದಲ್ಲಿರುವ ಹರಳನ್ನು ವಿಟಮಿನ್ ಹೊರಡಿಸದು. ವಿಧಾನ ಫಲಿಸದಿದ್ದರೆ ಹರಳು ಬೇರೆ ನಾಳದಲ್ಲಿರಬಹುದು, ತಜ್ಞರು ಮತ್ತೆ ನೋಡಬೇಕು. ಮಾತು ತೊದಲಿದರೆ, ಕೈಕಾಲು ಸೋತರೆ, ವಸ್ತುಗಳು ಎರಡೆರಡಾಗಿ ಕಂಡರೆ ಕಾಯದೆ ಆಸ್ಪತ್ರೆಗೆ ಧಾವಿಸಿ. ಇನ್ನು ವಾರಕ್ಕೊಂದರಂತೆ ಬರೆದುಕೊಡುವ 60,000 ಯೂನಿಟ್‌ನ ಡಿ ಪುಡಿ ಅಥವಾ ಗುಳಿಗೆಯನ್ನು ಅಂಗಡಿಯಿಂದ ತಂದು ತಾವೇ ತಿಂಗಳುಗಟ್ಟಲೆ ಸೇವಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಪ್ರಮಾಣ, ಅವಧಿ ಎರಡನ್ನೂ ವೈದ್ಯರೇ ಹೇಳಲಿ.