ಉಚಿತ ಪಾಠಕ್ಕೂ ಅರ್ಹತಾ ಪರೀಕ್ಷೆ

ಸಂಬಳವಿಲ್ಲದೆ ದುಡಿಯಲು ತಾವಾಗಿ ಬಂದವರನ್ನು ಪರೀಕ್ಷೆಗೊಡ್ಡುವುದು ವರ್ತಕರಿಗೆ ವಿಚಿತ್ರವೆನಿಸಬಹುದು. ಶಾಲಾ ಮಕ್ಕಳ ಹೋಂವರ್ಕಿಗೆ ಅಂತರ್ಜಾಲದ ಮೂಲಕ ನೆರವಾಗುವ ಕೆಲವು ಸಂಸ್ಥೆಗಳು ಇದನ್ನೇ ನಿಯಮವಾಗಿಸಿಕೊಂಡಿವೆ.

2004ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಹೂಡಿಕೆ ಸಂಸ್ಥೆಯೊಂದರ ವಿಶ್ಲೇಷಕರಾಗಿದ್ದ ಸಾಲ್ ಖಾನ್ ಅವರು, ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಸೋದರ ಸಂಬಂಧಿ ಬಾಲಕಿಗೆ ಅಳತೆಮಾನಗಳ ಪರಿವರ್ತನೆಯ ಲೆಕ್ಕವನ್ನು ದೂರದಿಂದಲೇ ಹೇಳಿಕೊಡತೊಡಗಿದರು. ಖಾನ್ ಅಕಾಡೆಮಿಯ ಮೂಲ ಇದೇ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅವರು ಆರಂಭಿಸಿದ ಸ್ಕೂಲ್‌ಹೌಸ್ ಸಂಸ್ಥೆಯಲ್ಲಿ ಸ್ವಯಂಸೇವಕರು ಚಿಕ್ಕ ಗುಂಪುಗಳಿಗೆ ಉಚಿತವಾಗಿ ಪಾಠ ಹೇಳುತ್ತಾರೆ. ಇವರಲ್ಲಿ ಅನೇಕರು ಸ್ವತಃ ವಿದ್ಯಾರ್ಥಿಗಳು.

ಹೊಸಬರು ಮೊದಲು ತಾವು ಕಲಿಸಬಯಸುವ ಅಧ್ಯಾಯದ ಪರೀಕ್ಷೆಯನ್ನು ಬರೆಯಬೇಕು. ಶೇ. 90ಕ್ಕಿಂತ ಕಡಿಮೆ ಬಂದರೆ ಸಾಲದು. ಆದರೆ ಅಂಕಗಳಷ್ಟೇ ಮುಖ್ಯವಲ್ಲ. ಪ್ರತಿಯೊಂದು ಲೆಕ್ಕವನ್ನು ಬಿಡಿಸುವಾಗಲೂ ಏಕೆ, ಹೇಗೆ ಎಂಬುದನ್ನು ಬಾಯ್ಬಿಟ್ಟು ವಿವರಿಸುತ್ತಾ ಧ್ವನಿಮುದ್ರಿಸಿ ಕಳುಹಿಸಬೇಕು. ಈಗಾಗಲೇ ಅರ್ಹತೆ ಪಡೆದ ಇತರ ಬೋಧಕರು ಅದನ್ನು ಕೇಳಿ ಒಪ್ಪಬೇಕು. ಬೀಜಗಣಿತದಲ್ಲಿ ಅರ್ಹತೆ ಪಡೆದವರು ರೇಖಾಗಣಿತ ಕಲಿಸಲು ಮತ್ತೆ ಪರೀಕ್ಷೆಗೆ ಕೂರಬೇಕು. ಉತ್ತರ ಬಲ್ಲವರೆಲ್ಲ ದಾರಿ ತೋರಿಸಬಲ್ಲವರಲ್ಲ ಎಂಬುದು ಇಲ್ಲಿನ ತರ್ಕ. ಕಾರ್ಖಾನೆಯಲ್ಲಿ ನುರಿತ ಟರ್ನರನ ಕೈಕೆಳಗೆ ಅಪ್ರೆಂಟಿಸ್ ಹುಡುಗರನ್ನು ಬಿಟ್ಟು ನಿರಾಶರಾದ ಮಾಲೀಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2009ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದ ಬ್ರೈನ್ಲಿ ಬೆಳೆದ ಬಗೆಯೇ ಬೇರೆ. ಅಲ್ಲಿ ಯಾರು ಬೇಕಾದರೂ ಸೇರಿ ಪ್ರಶ್ನೆಗೆ ಉತ್ತರಿಸಬಹುದಾಗಿತ್ತು. ತಪ್ಪು ಉತ್ತರಗಳನ್ನು ಮೇಲ್ವಿಚಾರಕರು ಅನಂತರ ತೆಗೆದುಹಾಕುತ್ತಿದ್ದರು. ಸರಕು ರವಾನೆಯಾದ ಮೇಲೆ ತಪಾಸಣೆ ನಡೆಸಿದಂತೆ ಇದು. ವ್ಯವಹಾರ ಬೇಗ ಹಿಗ್ಗುತ್ತದೆ, ನಿಜ. ಆದರೆ ಅಷ್ಟರಲ್ಲಿ ಮಗು ತಪ್ಪನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಂಡಿರುತ್ತದೆ.

ಬೆಂಗಳೂರಿನಲ್ಲಿ 2011ರಲ್ಲಿ ಆರಂಭವಾದ ಇವಿದ್ಯಾಲೋಕವು ಹೋಂವರ್ಕಿಗಿಂತ ಮುಂದೆ ಹೋಗಿ, ಗ್ರಾಮೀಣ ಸರ್ಕಾರಿ ಶಾಲೆಗಳಿಗೆ ಸ್ವಯಂಸೇವಕರಿಂದ ಆಯಾ ಭಾಷೆಯಲ್ಲೇ ನೇರ ಪಾಠ ಒದಗಿಸುತ್ತದೆ. ಇಂತಹ ಕಡೆ ಹೊಸಬರಿಗೆ ಜ್ಞಾನಕ್ಕಿಂತ ಸಮಯವೇ ದೊಡ್ಡ ತೊಡಕು. ಪಾಠ ನಡೆಯುವುದು ಶಾಲೆಯ ವೇಳೆಯಲ್ಲಿ, ಅಂದರೆ ಅಂಗಡಿ, ಕಾರ್ಖಾನೆಗಳ ದುಡಿಮೆಯ ವೇಳೆಯಲ್ಲೇ. ಉತ್ಸಾಹದಿಂದ ಹೆಸರು ಕೊಟ್ಟ ಲೆಕ್ಕಿಗನೋ ಸೂಪರ್‌ವೈಸರನೋ ನಡುವೆ ಕೈಬಿಟ್ಟರೆ ತರಗತಿ ಅಲ್ಲಿಗೇ ನಿಲ್ಲುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಸಾಮಾಜಿಕ ಹೊಣೆ ಸಣ್ಣ ಘಟಕಗಳಿಗೆ ಸಾಮಾನ್ಯವಾಗಿ ಅನ್ವಯಿಸದು. ಆದರೂ ತಮ್ಮ ನೌಕರರು ಇಂತಹ ಕೆಲಸಕ್ಕೆ ಮುಂದಾದಲ್ಲಿ, ವಾರಕ್ಕೆ ಎರಡು ಗಂಟೆಗಳ ಬಿಡುವನ್ನು ಶೈಕ್ಷಣಿಕ ವರ್ಷದ ಕೊನೆಯವರೆಗೂ ಕೊಡಲಾದೀತೇ ಎಂಬುದನ್ನು ಮಾಲೀಕರು ನೋಂದಣಿಗೆ ಮುನ್ನವೇ ತೀರ್ಮಾನಿಸಿ ತಿಳಿಸುವುದು ಸೂಕ್ತ.