ಕೊಟ್ಟಿಗೆಯ ನೆಲ: ಹಸುವಿನ ಆಯ್ಕೆ

ಹೊರನಾಡು, ಕಳಸದ ಕಡೆ ಮಲೆನಾಡು ಗಿಡ್ಡ ಹಸುವಿನ ಕೊಟ್ಟಿಗೆಗೆ ಸೊಪ್ಪು, ದರಗು ಹಾಸುವುದು ಹಳೆಯ ಪದ್ಧತಿ. ಅದು ಗೊಬ್ಬರವೂ ಹೌದು, ಹಾಸಿಗೆಯೂ ಹೌದು. ಸಿಮೆಂಟು ನೆಲ ತೊಳೆಯುವವರಿಗೆ ಸುಖ, ಮಲಗುವ ಹಸುವಿಗೆ?

ಹಸು ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗುತ್ತದೆ. ಎರಡೂ ನೆಲಗಳನ್ನು ಒದಗಿಸಿ ಬಿಟ್ಟರೆ ಅದು ಮೆತ್ತನೆಯದನ್ನೇ ಆರಿಸುವುದೆಂದು ಪ್ರಯೋಗಗಳು ತೋರಿಸಿವೆ.

ನಮ್ಮ ಊಹೆಯೊಂದನ್ನೇ ನೆಚ್ಚುವಂತಿಲ್ಲ. 1965ರಲ್ಲಿ ಬ್ರಿಟನ್ನಿನ ಬ್ರಾಂಬೆಲ್ ಸಮಿತಿಯು ಕೋಳಿಯ ಪಂಜರಕ್ಕೆ ಸಣ್ಣ ತಂತಿಯ ಜಾಲರಿ ಕೂಡದೆಂದಿತು. 1973ರ ಪ್ರಯೋಗದಲ್ಲಿ ಕೋಳಿಗಳು ದಪ್ಪ ಜಾಲರಿಗಿಂತ ಅದನ್ನೇ ಆರಿಸಿಕೊಂಡವು. ಇದರಿಂದ ಪಂಜರವೇ ಒಳ್ಳೆಯದೆಂದಾಗದು. ಕೊಟ್ಟ ಎರಡರಲ್ಲಿ ಮೇಲಾದುದು ಯಾವುದೆಂದಷ್ಟೇ ತಿಳಿಯುತ್ತದೆ. ಆದ್ದರಿಂದ ನಾವು ಒಡ್ಡುವ ಆಯ್ಕೆಯೇ ಉದಾರವಾಗಿರಬೇಕು. ಸಿಮೆಂಟು ಹಾಕಿಸಿದವರು ಅದರ ಮೇಲೆ ದರಗನ್ನಾದರೂ ಹಾಸಲಿ ಎಂಬುದು ನನ್ನ ಕೋರಿಕೆ.