ಹರಿಗೋಲಿನ ಚರ್ಮ, ಗಾಡಿಮನೆಯ ಸೂರು

ಬಣ್ಣಾರಿಯಿಂದ ದಿಂಬಂ ಘಾಟಿಯ 27 ತಿರುವು ಹತ್ತಿ, ಹಾಸನೂರು ದಾಟಿ ತಾಳವಾಡಿಗೆ ಬಂದವರಿಗೆ ಇಲ್ಲಿನ ಹವೆಯ ಸ್ವಭಾವ ಬೇಗ ಅರ್ಥವಾಗುತ್ತದೆ. ಮುಂಗಾರಿನಲ್ಲಿ ಗಾಳಿಯೊಡನೆ ಬರುವ ಜಡಿ, ಹಿಂಗಾರಿನಲ್ಲಿ ಸುರಿಯುವ ಜೋರು ಮಳೆ, ಅದು ಕಳೆದರೆ ಬೆಳಗಿನ ಇಬ್ಬನಿ ಮತ್ತು ನಡುಹಗಲಿನ ಚುರುಕು ಬಿಸಿಲು. ಮರಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಡ. ಸದಾ ನೀರಿನಡಿ ಇರುವ ಮರ ಬಹುಕಾಲ ಉಳಿಯುತ್ತದೆ, ಸದಾ ಒಣಗಿರುವ ಮರವೂ ಉಳಿಯುತ್ತದೆ. ನೆನೆದು ಒಣಗಿ, ಒಣಗಿ ನೆನೆಯುವುದೇ ಕೇಡು; ಮಳೆಬಿಸಿಲಿನಲ್ಲೇ ನಿಲ್ಲುವ ಗಾಡಿಮನೆಗೆ ಎದುರಾಗುವುದೂ ಇದೇ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪ್ಲೈವುಡ್ಡಿನ ಪುಟ್ಟ ಗಾಡಿಮನೆಯನ್ನು ಕೈಯಾರೆ ಕಟ್ಟುವ ಹವ್ಯಾಸ ಅಮೆರಿಕದಲ್ಲಿ 1930ರ ದಶಕದಿಂದ ಬೆಳೆದುಬಂದದ್ದು. ಇಬ್ಬರು ಮಲಗುವಷ್ಟು ಜಾಗ, ಹಿಂಬದಿಯಲ್ಲೊಂದು ಅಡುಗೆಕಟ್ಟೆ, ನೀರಹನಿಯ ಹಾಗೆ ಬಾಗಿದ ಸೂರು. ಕಟ್ಟುವುದು ಅಷ್ಟೇನೂ ಕಷ್ಟವಲ್ಲ. ಕಟ್ಟಿದ್ದನ್ನು ಮಳೆಯಿಂದ ಉಳಿಸಿಕೊಳ್ಳುವುದು ನಿಜವಾದ ಕಸುಬು. ಆ ಕಸುಬಿಗೆ ಇಂಥ ಗುಡ್ಡಸೀಮೆಯೇ ಒರೆಗಲ್ಲು.

ಹೆಚ್ಚಿನವರು ಎಡವುವುದು ಬಣ್ಣದ ಮೇಲಿನ ಅತಿಯಾದ ನಂಬಿಕೆಯಲ್ಲಿ. ಮೂರು ಕೈ ಎನಾಮೆಲ್ ಬಳಿದರೆ ನೀರು ನಿಂತಿತು ಎಂದುಕೊಳ್ಳುತ್ತಾರೆ. ಆದರೆ ಹಲಗೆಯೆಂಬುದು ಹುಲ್ಲುಕಡ್ಡಿಗಳ ಕಟ್ಟಿನಂಥದು. ಅಡ್ಡ ಕೊಯ್ದ ತುದಿಯಲ್ಲಿ ಅಷ್ಟೂ ಕಡ್ಡಿಗಳ ಬಾಯಿ ತೆರೆದಿರುತ್ತದೆ. ಅಲ್ಲಿಂದ ನೀರು ಹೀರುವ ವೇಗ ಹಲಗೆಯ ಮೈಯಿಂದ ಹೀರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ತೇವಾಂಶ ಶೇಕಡಾ 20ರೊಳಗಿದ್ದರೆ ಮರ ತಿನ್ನುವ ಶಿಲೀಂಧ್ರ ಬೆಳೆಯದು. ಅದನ್ನು ದಾಟಿ ಹಲವು ದಿನ ನಿಂತರೆ ಒಳಗಿಂದಲೇ ಮರ ಪೊಳ್ಳಾಗುತ್ತದೆ, ಹೊರಗೆ ಬಣ್ಣ ಮಾತ್ರ ಮಿರುಗುತ್ತಿರುತ್ತದೆ. ಅಂಗಡಿಯವರು ‘710’ ಎಂದು ಕೊಡುವ ಮರೀನ್ ಪ್ಲೈವುಡ್ ಕೂಡ ಇದಕ್ಕೆ ಪೂರ್ತಿ ಉತ್ತರವಲ್ಲ. ಅದನ್ನು 72 ಗಂಟೆ ನೀರಿನಲ್ಲಿ ಕುದಿಸಿ ಪರೀಕ್ಷಿಸುವುದು ಪದರಗಳ ನಡುವಿನ ಅಂಟು ಬಿಡುತ್ತದೆಯೇ ಎಂದು ನೋಡಲು. ಅಂಟು ಬಿಡಲಿಲ್ಲವೆಂದರೆ ಮರ ನೀರು ಕುಡಿಯಲಿಲ್ಲ ಎಂದರ್ಥವಲ್ಲ. ಹಾಗಾಗಿ ಮೊದಲ ಕೆಲಸ ಅಂಚುಗಳದು. ಕೊಯ್ದ ಪ್ರತಿ ಅಂಚಿಗೂ, ಸ್ಕ್ರೂ ಕೊರೆದ ಪ್ರತಿ ತೂತಿಗೂ ತೆಳುವಾಗಿಸಿದ ಪಾಲಿಯುರೆಥೇನ್ ವಾರ್ನಿಷನ್ನು ಅದು ಹೀರುವಷ್ಟೂ ಕುಡಿಸಬೇಕು. ತೆಳುವಾಗಿದ್ದರೆ ಮಾತ್ರ ಅದು ನಾರಿನೊಳಗೆ ಇಳಿಯುತ್ತದೆ.

ಆಮೇಲೆ ಬೇಕಾದದ್ದು ಚರ್ಮ. ಇದಕ್ಕೆ ದೂರ ಹೋಗಬೇಕಿಲ್ಲ, ಹೊಗೆನಕಲ್ಲಿನ ಹರಿಗೋಲು ನೋಡಿದರೆ ಸಾಕು. ಬಿದಿರಿನ ಹೆಣಿಗೆ ಭಾರ ಹೊರುತ್ತದೆ, ನೀರು ತಡೆಯುವುದಿಲ್ಲ; ತಡೆಯುವುದು ಅದರ ಮೇಲಿನ ಹೊದಿಕೆ. ಹಿಂದೆ ಅದು ತೊಗಲಾಗಿತ್ತು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಬಂಡೆಗೆ ತಾಗಿ ಬಿದಿರು ಬಾಗಿದಾಗ ಹೊದಿಕೆಯೂ ಜೊತೆಗೆ ಬಾಗುತ್ತದೆ. ಇಂಗ್ಲೆಂಡಿನ ಹಳೆಯ ರೈಲುಡಬ್ಬಿಗಳ ಮರದ ಸೂರಿಗೆ ಬಿಳಿಸೀಸದ ಬಣ್ಣದಲ್ಲಿ ಕ್ಯಾನ್ವಾಸ್ ಹಾಸುತ್ತಿದ್ದುದರ ಹಿಂದೆಯೂ ಇದೇ ವಿವೇಕವಿತ್ತು (ಸೀಸ ವಿಷ, ಆ ಪಾಠದಲ್ಲಿ ಕಲಿಯಬೇಕಾದದ್ದು ಬಟ್ಟೆಯನ್ನು ಮಾತ್ರ). ಗಾಡಿಮನೆ ಕಟ್ಟುವವರು ಬಟ್ಟೆ ಹಾಸುವ ಈ ಕ್ರಮವನ್ನು ‘ಬಡವರ ಫೈಬರ್‌ಗ್ಲಾಸ್’ ಎಂದು ಕರೆದು ಮತ್ತೆ ಬಳಕೆಗೆ ತಂದಿದ್ದಾರೆ. ನೀರು ತಾಳುವ ಮರದಂಟನ್ನು ಪ್ಲೈವುಡ್ಡಿನ ಮೇಲೆ ಹರಡಿ, ಹತ್ತಿಯ ಕ್ಯಾನ್ವಾಸನ್ನು ಸುಕ್ಕಿಲ್ಲದಂತೆ ಎಳೆದು ಕೂರಿಸಿ, ಮೂಲೆಗಳಲ್ಲಿ ಮಡಚಿ ಒಂದರ ಮೇಲೊಂದು ಬರುವಂತೆ ಅಂಟಿಸುತ್ತಾರೆ. ಒಣಗಿದ ಮೇಲೆ ಹೊರಗೋಡೆಗೆ ಬಳಿಯುವ ಅಕ್ರಿಲಿಕ್ ಬಣ್ಣದ ಮೊದಲ ಕೈ ತೆಳುವಾಗಿ, ಉಳಿದವು ದಪ್ಪಗೆ. ಇಲ್ಲಿ ನೀರು ತಡೆಯುವ ಭಾರವನ್ನೆಲ್ಲ ಬಣ್ಣವೊಂದೇ ಹೊರುವುದಿಲ್ಲ. ಬಣ್ಣಕ್ಕೆ ಬಟ್ಟೆಯ ಎಳೆ ಆಸರೆ, ಬಟ್ಟೆಗೆ ಬಿಸಿಲಿನಿಂದ ಬಣ್ಣ ಕಾವಲು. ಮರ ಹಿಗ್ಗಿ ಕುಗ್ಗಿದಾಗ ಬರೀ ಎನಾಮೆಲ್ ಆದರೆ ಸಂದಿಯಲ್ಲಿ ಕೂದಲೆಳೆಯಷ್ಟು ಬಿರಿಯುತ್ತದೆ. ಆ ಬಿರುಕೊಂದೇ ಸಾಕು.

ಹಾಗಾದರೆ ನಿಜವಾದ ಫೈಬರ್‌ಗ್ಲಾಸನ್ನೇ ಎಪಾಕ್ಸಿಯಲ್ಲಿ ಹೊದಿಸಬಾರದೇಕೆ ಎಂದು ಕೇಳಬಹುದು. ಹೊದಿಸಬಹುದು, ಗಟ್ಟಿತನದಲ್ಲಿ ಅದರದೇ ಮೇಲುಗೈ. ಆದರೆ ಎಪಾಕ್ಸಿಗೂ ಬಿಸಿಲು ಆಗದು, ಅದರ ಮೇಲೂ ಬಣ್ಣ ಬೇಕೇ ಬೇಕು. ಅದಕ್ಕಿಂತ ಮುಖ್ಯ ಮಾತೆಂದರೆ, ಕಿಟಕಿಯ ಚೌಕಟ್ಟಿನ ಒಂದು ಸ್ಕ್ರೂ ಸಡಿಲವಾಗಿ ನೀರು ಒಳಸೇರಿದರೆ ಆ ಬಿಗಿ ಕವಚ ಅದನ್ನು ಹೊರಗೂ ಬಿಡುವುದಿಲ್ಲ. ಅಂಟಿಸಿದ ಕ್ಯಾನ್ವಾಸನ್ನು ಹರಿದು ತೇಪೆ ಹಾಕುವುದು ಯಾರಿಗೂ ಸಾಧ್ಯ. ಕೆಟ್ಟ ಫೈಬರ್‌ಗ್ಲಾಸನ್ನು ಉಜ್ಜಿ ತೆಗೆಯುವುದು ಯಂತ್ರದ ಕೆಲಸ. ಇನ್ನು ತಗಡು ಹೊದಿಸಿದರಾಯಿತು ಎನ್ನುವವರು ಒಳಗಿನ ನೀರನ್ನು ಮರೆಯುತ್ತಾರೆ. ಮಲಗಿದ ಇಬ್ಬರ ಉಸಿರಿನ ತೇವ ಮಾರ್ಗಶಿರದ ಚಳಿಯಲ್ಲಿ ತಣ್ಣನೆಯ ಸೂರಿಗೆ ತಾಗಿ ಹನಿಗಟ್ಟುತ್ತದೆ. ಗಾಳಿಕಿಂಡಿ ಇಲ್ಲದ ಗಾಡಿಮನೆ ಹೊರಗಿನ ಮಳೆಯಿಂದ ಪಾರಾದರೂ ಒಳಗಿನ ಬೆವರಿನಿಂದ ಕೊಳೆಯುತ್ತದೆ.

ಇನ್ನೊಂದು ಆಕ್ಷೇಪ ಮರದ್ದಲ್ಲ, ಕಾನೂನಿನದು. ಮನೆಯಲ್ಲಿ ಕಟ್ಟಿದ ಟ್ರೇಲರ್ ಕೂಡ 1988ರ ಮೋಟಾರು ವಾಹನ ಕಾಯ್ದೆಯಡಿ ನೋಂದಣಿಯಾಗದೆ ರಸ್ತೆಗಿಳಿಯುವಂತಿಲ್ಲ. ಅದರ ಮೇಲೆ, ದಿಂಬಂ ದಾರಿ ಹಾದುಬರುವ ಸತ್ಯಮಂಗಲದ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ದಿಂಬಂ ಘಾಟಿಯಲ್ಲಿ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಾಡಿನ ಅಂಚಿನಲ್ಲಿ ಗಾಡಿ ನಿಲ್ಲಿಸಿ ಮಲಗುವ ಕನಸು ಕಾಣಬಾರದು. ಆನೆಗೆ ಪ್ಲೈವುಡ್ ಗೋಡೆ ಯಾವ ಲೆಕ್ಕ? ಆಕ್ಷೇಪ ಸರಿಯಾದದ್ದೇ. ಆದರೂ ಈ ವಿದ್ಯೆ ಪ್ರವಾಸಿಗನಿಗಷ್ಟೇ ಮೀಸಲಲ್ಲ. ಹೊಲದ ಪಂಪು ಮನೆಯ ಬಾಗಿಲಿಗೆ, ಅಟ್ಟಣೆಯ ಸೂರಿಗೆ, ಜೇನುಪೆಟ್ಟಿಗೆಯ ಮುಚ್ಚಳಕ್ಕೆ ಇದೇ ಅಂಚು, ಇದೇ ಬಟ್ಟೆ ಸಲ್ಲುತ್ತದೆ.

ಕೆಲಸಕ್ಕೆ ಹೊತ್ತು ಹಿಂಗಾರು ಮುಗಿದ ಮೇಲೆ, ಜನವರಿಯಿಂದ ಮಾರ್ಚಿನವರೆಗೆ. ಅದೂ ಇಬ್ಬನಿ ಆರಿದ ಬಳಿಕ ಕುಂಚ ಹಿಡಿದು, ಸಂಜೆಯ ತಂಪಿಗೆ ಮುಂಚೆ ಕೆಳಗಿಡಬೇಕು. ಕಡುಬಣ್ಣ ಬಿಸಿಲು ಹೀರಿ ಬಟ್ಟೆಯಡಿಯ ಗಾಳಿಯನ್ನು ಹಿಗ್ಗಿಸಿ ಗುಳ್ಳೆ ಎಬ್ಬಿಸುವುದರಿಂದ ತಿಳಿಬಣ್ಣವೇ ಲೇಸು. ಹರಿಗೋಲಿಗೆ ಆಗಾಗ ಡಾಂಬರು ಬಳಿಯುವ ಹಾಗೆ ಇಲ್ಲೂ ವರ್ಷಕ್ಕೊಮ್ಮೆ ಸಂದಿ, ಕಿಟಕಿಯ ಕೆಳಮೂಲೆ, ಚಕ್ರದ ಮೇಲ್ಭಾಗಗಳನ್ನು ಚಾಕುವಿನ ಮೊನೆಯಿಂದ ಒತ್ತಿ ನೋಡಬೇಕು. ಮೊನೆ ಸಲೀಸಾಗಿ ಇಳಿದ ಕಡೆ ಬಟ್ಟೆ ಕತ್ತರಿಸಿ, ಕೊಳೆತದ್ದನ್ನು ಕೆತ್ತಿ, ಮರವನ್ನು ಬಿಸಿಲಿಗೆ ಬಿಟ್ಟು, ಪೂರ್ತಿ ಒಣಗಿದ ಮೇಲೆ ಹೊಸ ತೇಪೆ ಹಾಕುವುದು.